ಬಿಡುಗಡೆ ಆದೇಶ ಕೈಗೆ ಬಂದ ಮೇಲೆ

ಅಪರಾಧ ಸಾಬೀತಾದ ಮಕ್ಕಳನ್ನು ಇಡುವ ವಿಶೇಷ ಗೃಹದಿಂದ ಹೊರಬರುವ ಹುಡುಗನ ಕೈಯಲ್ಲಿ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಎರಡು ಜೊತೆ ಬಟ್ಟೆ, ಆದೇಶದ ಪ್ರತಿ, ಏನಾದರೂ ಕಲಿತಿದ್ದರೆ ಒಂದು ಸರ್ಟಿಫಿಕೇಟ್. ಅಷ್ಟೇ. ಬಾಲ ನ್ಯಾಯ ಕಾಯ್ದೆ, 2015ರ 3ನೇ ಸೆಕ್ಷನ್‌ನಲ್ಲಿ ‘ಹೊಸ ಆರಂಭ’ ಎಂಬ ತತ್ವವೇ ಒಂದಿದೆ: ವಿಶೇಷ ಸಂದರ್ಭಗಳನ್ನು ಬಿಟ್ಟರೆ ಮಗುವಿನ ಹಳೆಯ ದಾಖಲೆಗಳೆಲ್ಲ ಅಳಿಸಿಹೋಗಬೇಕು. ಕೇಳಲು ಚೆನ್ನಾಗಿದೆ. ಆದರೆ ಅದು ತಾನಾಗಿ ಆಗುವ ಕೆಲಸವಲ್ಲ. ಯಾರಾದರೂ ಅರ್ಜಿ ಬರೆಯಬೇಕು, ಸರಿಯಾದ ಮೇಜಿಗೆ ಕೊಡಬೇಕು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಯಾವ ಕೆಲಸವನ್ನು ಯಾವಾಗ ಮಾಡಬೇಕು, ಅದು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದ್ದೇವೆ. ‘ಹುಡುಗ’ ಎಂದು ಬರೆದಿರುವುದು ಅನುಕೂಲಕ್ಕೆ. ಹುಡುಗಿಯರೂ ಇದ್ದಾರೆ, ಕಾನೂನು ಇಬ್ಬರಿಗೂ ಒಂದೇ.

ಮೊದಲು ಆದೇಶವನ್ನು ಓದಿ

ಮನೆಯವರು ‘ಬಿಟ್ಟುಬಿಟ್ಟರು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಹೇಗೆ ಬಿಟ್ಟರು ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

ಹುಡುಗ ವೀಕ್ಷಣಾಲಯದಿಂದ (ವಿಚಾರಣೆಯ ಕಾಲದಲ್ಲಿ ಮಕ್ಕಳನ್ನು ಇಡುವ ಗೃಹ) ಜಾಮೀನಿನ ಮೇಲೆ ಬಂದಿದ್ದರೆ ಪ್ರಕರಣ ಇನ್ನೂ ಮುಗಿದಿಲ್ಲ. ಮಕ್ಕಳು ಆರೋಪಿಗಳಾದ ಪ್ರಕರಣಗಳನ್ನು ನೋಡುವ ಬಾಲ ನ್ಯಾಯ ಮಂಡಳಿಯ ಮುಂದೆ ವಿಚಾರಣೆ ನಡೆಯುತ್ತಿರುತ್ತದೆ, ಕರೆದ ದಿನ ಹೋಗಲೇಬೇಕು. ಕಾಯ್ದೆ ವಿಚಾರಣೆಗೆ ಕೊಟ್ಟಿರುವ ಅವಧಿ ನಾಲ್ಕು ತಿಂಗಳು, ಕಾರಣ ಬರೆದು ಇನ್ನೆರಡು ತಿಂಗಳು ವಿಸ್ತರಿಸಬಹುದು. ಸಣ್ಣ ಅಪರಾಧ, ಅಂದರೆ ಗರಿಷ್ಠ ಶಿಕ್ಷೆ ಮೂರು ವರ್ಷದೊಳಗಿನದ್ದಾದರೆ, ವಿಸ್ತರಿಸಿದ ಅವಧಿಯಲ್ಲೂ ವಿಚಾರಣೆ ಮುಗಿಯದಿದ್ದಾಗ ಪ್ರಕರಣವೇ ಕೊನೆಗೊಳ್ಳಬೇಕು. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಮಂಡಳಿಗೆ ಅಲೆಯುವ ಕುಟುಂಬಗಳಿವೆ.

ವಿಚಾರಣೆ ಮುಗಿದಿದ್ದರೆ 18ನೇ ಸೆಕ್ಷನ್ ಪ್ರಕಾರ ಆದೇಶವಾಗಿರುತ್ತದೆ. ಬುದ್ಧಿ ಹೇಳಿ ಮನೆಗೆ ಕಳಿಸುವುದರಿಂದ ಹಿಡಿದು, ಸಮುದಾಯ ಸೇವೆ, ದಂಡ, ತಂದೆ ತಾಯಿಯ ಮುಚ್ಚಳಿಕೆಯ ಮೇಲೆ ಗರಿಷ್ಠ ಮೂರು ವರ್ಷ ಸನ್ನಡತೆಯ ಪರಿವೀಕ್ಷಣೆ (ಪ್ರೊಬೇಷನ್), ಕೊನೆಗೆ ಗರಿಷ್ಠ ಮೂರು ವರ್ಷ ವಿಶೇಷ ಗೃಹ, ಹೀಗೆ ಮೆಟ್ಟಿಲು ಮೆಟ್ಟಿಲಾಗಿದೆ. ಇದರ ಜೊತೆಗೆ ಶಾಲೆಗೆ ಹೋಗಬೇಕು, ವ್ಯಸನಮುಕ್ತಿ ಚಿಕಿತ್ಸೆ ಪಡೆಯಬೇಕು, ಇಂಥ ಜಾಗಕ್ಕೆ ಹೋಗಬಾರದು ಎಂಬ ಷರತ್ತುಗಳೂ ಇರಬಹುದು. ಅವು ಆದೇಶದ ಕೊನೆಯ ಪುಟದಲ್ಲಿರುತ್ತವೆ, ಆ ಪುಟವನ್ನೇ ಯಾರೂ ಓದುವುದಿಲ್ಲ.

ಅವಧಿಗೆ ಮುಂಚೆಯೇ ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಅಧಿಕಾರಿಯ) ವರದಿಯ ಮೇಲೆ ಬಿಟ್ಟಿದ್ದರೆ ಅದು 97ನೇ ಸೆಕ್ಷನ್. ಆ ಬಿಡುಗಡೆ ಷರತ್ತುಬದ್ಧವಾಗಿರಬಹುದು. ಷರತ್ತು ಮುರಿದರೆ ಮಂಡಳಿ ಹುಡುಗನನ್ನು ಮತ್ತೆ ಅದೇ ಗೃಹಕ್ಕೆ ಕಳಿಸಬಹುದು. ಮುರಿಯುವುದೆಂದರೆ ಹೊಸ ಅಪರಾಧವೇ ಆಗಬೇಕಿಲ್ಲ. ಪರಿವೀಕ್ಷಣಾಧಿಕಾರಿಯನ್ನು ಕಾಣಬೇಕಾದ ದಿನ ತಪ್ಪಿಸುವುದು, ಹೇಳದೆ ಬೇರೆ ಊರಿಗೆ ಕೆಲಸಕ್ಕೆ ಹೋಗುವುದು ಇಂಥವೇ ಹೆಚ್ಚು. ಊರು ಬಿಡುವುದು ತಪ್ಪಲ್ಲ, ತಿಳಿಸದೆ ಬಿಡುವುದು ತಪ್ಪು. ಒಂದು ಹಾಳೆಯಲ್ಲಿ ಹೊಸ ವಿಳಾಸ, ಕೆಲಸ ಕೊಟ್ಟವರ ವಿವರ, ಫೋನ್ ನಂಬರ್ ಬರೆದು ಕೊಟ್ಟು ಅದರ ಇನ್ನೊಂದು ಪ್ರತಿಯ ಮೇಲೆ ಸಹಿ ಹಾಕಿಸಿಕೊಂಡರೆ ಆಯಿತು.

ನಾಲ್ಕನೆಯದೊಂದು ದಾರಿ ಇದೆ, ಅದು ಎಲ್ಲಕ್ಕಿಂತ ಕಠಿಣ. 16 ತುಂಬಿದ ಹುಡುಗ ಘೋರ ಅಪರಾಧದ (ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚು ಇರುವುದು) ಆರೋಪದಲ್ಲಿ ಸಿಕ್ಕಿ, ಮಂಡಳಿಯ ಪ್ರಾಥಮಿಕ ಮೌಲ್ಯಮಾಪನದ ನಂತರ ಮಕ್ಕಳ ನ್ಯಾಯಾಲಯ ಅವನನ್ನು ವಯಸ್ಕನಂತೆ ವಿಚಾರಿಸಿ ತಪ್ಪಿತಸ್ಥನೆಂದು ಕಂಡರೆ, ಅವನು 21ರವರೆಗೆ ‘ಸುರಕ್ಷತಾ ಸ್ಥಳ’ ಎಂಬ, ಜೈಲಲ್ಲದ ಪ್ರತ್ಯೇಕ ಸಂಸ್ಥೆಯಲ್ಲಿರುತ್ತಾನೆ. 21 ತುಂಬಿದಾಗ ನ್ಯಾಯಾಲಯ ಅವನು ಬದಲಾಗಿದ್ದಾನೆಯೇ ಎಂದು ನೋಡಿ ಬಿಡಬಹುದು ಅಥವಾ ಉಳಿದ ಅವಧಿಗೆ ಜೈಲಿಗೆ ಕಳಿಸಬಹುದು. ದಾಖಲೆ ಅಳಿಸುವ ವಿಷಯದಲ್ಲಿ ಈ ಗುಂಪಿಗೆ ಬೇರೆ ನಿಯಮ, ಮುಂದೆ ಹೇಳುತ್ತೇವೆ.

ಕೆಲಸ ಶುರುವಾಗಬೇಕಾದ್ದು ಗೇಟಿನ ಒಳಗೆ

ಪ್ರತಿ ಮಗುವಿಗೂ ಒಂದು ವೈಯಕ್ತಿಕ ಪಾಲನಾ ಯೋಜನೆ ಇರಬೇಕು. ಈ ಕಾಯ್ದೆಯಡಿ ಕೇಂದ್ರ ಸರ್ಕಾರ ರೂಪಿಸಿದ 2016ರ ಮಾದರಿ ನಿಯಮಗಳಲ್ಲಿ ಅದು 7ನೇ ನಮೂನೆ. ಈ ಯೋಜನೆಯಲ್ಲಿ ನಾಲ್ಕು ಭಾಗಗಳಿವೆ. ಮನೆಯವರು ಕೇಳಬೇಕಾದದ್ದು ಕೊನೆಯ ಎರಡು: ಬಿಡುಗಡೆಗೆ 15 ದಿನ ಮುಂಚೆ ತಯಾರಾಗಬೇಕಾದ ವರದಿ, ಮತ್ತು ಬಿಡುಗಡೆಯ ನಂತರದ ವರದಿ. 18 ತುಂಬಿ ಹೊರಡುವವನಾದರೆ, ಅವನಿಗೆ ಮುಂದಿನ ಆಸರೆ ಬೇಕೇ ಎಂಬ ಯೋಜನೆ ಎರಡು ತಿಂಗಳು ಮುಂಚೆಯೇ ಮಂಡಳಿಯ ಮುಂದೆ ಹೋಗಬೇಕು.

ಎರಡು ತಿಂಗಳು ಯಾಕೆ? ಐಟಿಐ ಪ್ರವೇಶ, ಮುಕ್ತ ಶಾಲೆಯ ನೋಂದಣಿ, ಬ್ಯಾಂಕ್ ಖಾತೆ, ಆಧಾರ್ ತಿದ್ದುಪಡಿ ಇವಕ್ಕೆಲ್ಲ ವಾರಗಟ್ಟಲೆ ಬೇಕು. ಹೊರಬಂದ ಮೇಲೆ ಶುರುಮಾಡಿದರೆ ಆ ವಾರಗಳಷ್ಟೂ ಹುಡುಗ ಖಾಲಿ ಕೂತಿರುತ್ತಾನೆ. ಖಾಲಿ ಕೂತ ದಿನಗಳೇ ಅಪಾಯದ ದಿನಗಳು.

98ನೇ ಸೆಕ್ಷನ್ ಎಂಬ ಒಂದು ಸಣ್ಣ ಅನುಕೂಲವಿದೆ, ಬಳಸುವವರು ಕಡಿಮೆ. ಪರೀಕ್ಷೆ, ಹತ್ತಿರದವರ ಮದುವೆ, ಸಾವು, ತಂದೆ ತಾಯಿಯ ಕಾಯಿಲೆ ಇಂಥ ಕಾರಣಕ್ಕೆ ಗೃಹದಿಂದ ರಜೆಯ ಮೇಲೆ ಮನೆಗೆ ಕಳಿಸಬಹುದು, ಒಂದು ಸಲಕ್ಕೆ ಸಾಮಾನ್ಯವಾಗಿ ಏಳು ದಿನ ಮೀರದಂತೆ, ಪ್ರಯಾಣದ ಸಮಯ ಬೇರೆ. ಮೂರು ವರ್ಷ ಒಳಗಿದ್ದು ಒಂದೇ ಸಲ ಮನೆಗೆ ಬರುವುದಕ್ಕಿಂತ, ಹೀಗೆ ನಾಲ್ಕಾರು ದಿನ ಬಂದು ಹೋದವನಿಗೆ ಮನೆಯೂ ಓಣಿಯೂ ಪೂರ್ತಿ ಹೊಸದಾಗಿರುವುದಿಲ್ಲ. ಅಪ್ಪ ಮಾತಾಡುತ್ತಾನೋ ಇಲ್ಲವೋ, ಅಣ್ಣನ ಹೆಂಡತಿಗೆ ಇವನು ಬರುವುದು ಇಷ್ಟವಿದೆಯೋ ಇಲ್ಲವೋ, ಅದೂ ಆಗಲೇ ಗೊತ್ತಾಗುತ್ತದೆ.

ರಾತ್ರಿ ಎಲ್ಲಿ ಮಲಗುತ್ತಾನೆ?

ಮನೆಗೆ ಹೋಗುವುದು ಒಳ್ಳೆಯದು ಎಂಬುದು ಸಾಮಾನ್ಯ ನಿಯಮ. ಆದರೆ ಮನೆಯಲ್ಲಿ ಕುಡಿತ, ಹೊಡೆತ ಇದ್ದರೆ, ಅಥವಾ ಪ್ರಕರಣದ ಎದುರು ಪಕ್ಷದವರು ಪಕ್ಕದ ಬೀದಿಯಲ್ಲೇ ಇದ್ದರೆ ಮನೆ ಸುರಕ್ಷಿತ ಜಾಗವಲ್ಲ. ಅಜ್ಜಿಯ ಮನೆ, ಸೋದರಮಾವನ ಊರು ಉತ್ತಮ. ಹಾಗಿದ್ದರೆ ಆ ವಿಳಾಸವನ್ನೇ ಬಿಡುಗಡೆಯ ಪೂರ್ವ ವರದಿಯಲ್ಲಿ ಬರೆಸಬೇಕು. ಪರಿವೀಕ್ಷಣಾಧಿಕಾರಿ ಮೊದಲು ಆ ಮನೆಗೆ ಹೋಗಿ ನೋಡಿ ಬರುತ್ತಾರೆ.

ಯಾವ ಮನೆಯೂ ಇಲ್ಲದ, 18 ತುಂಬಿದವನಿಗೆ ಕಾಯ್ದೆಯ 46ನೇ ಸೆಕ್ಷನ್ ಪ್ರಕಾರ ಅನುಪಾಲನೆ, ಅಂದರೆ ಸಂಸ್ಥೆ ಬಿಟ್ಟ ಮೇಲಿನ ನೆರವು, ಇದೆ. ಸಾಮಾನ್ಯವಾಗಿ 21 ವರ್ಷದವರೆಗೆ, ಅಪರೂಪದ ಸಂದರ್ಭದಲ್ಲಿ ಇನ್ನೆರಡು ವರ್ಷ. ಆರರಿಂದ ಎಂಟು ಜನ ಒಟ್ಟಿಗೆ ಇರುವ ತಾತ್ಕಾಲಿಕ ವಸತಿ, ತರಬೇತಿಯ ಅವಧಿಗೆ ಸ್ಟೈಪೆಂಡ್, ಓದುವವನಿಗೆ ವಿದ್ಯಾರ್ಥಿವೇತನ, ಸಂಪರ್ಕದಲ್ಲಿರುವ ಒಬ್ಬ ಆಪ್ತಸಮಾಲೋಚಕ, ಸ್ವಂತ ಉದ್ಯೋಗಕ್ಕೆ ಸಾಲ ಕೊಡಿಸುವ ವ್ಯವಸ್ಥೆ, ಇವೆಲ್ಲ ಮಾದರಿ ನಿಯಮಗಳ ಪಟ್ಟಿಯಲ್ಲಿವೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅನುಪಾಲನೆಗೆ ಒಬ್ಬರಿಗೆ ತಿಂಗಳಿಗೆ 4,000 ರೂಪಾಯಿ. ಹಣ ಹುಡುಗನ ಖಾತೆಗೇ ನೇರ ಜಮೆ ಆಗಬೇಕು. ಅದಕ್ಕಾಗಿ ಹೋಗಬೇಕಾದ ಕಚೇರಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕ.

ಇಲ್ಲಿ ಎಡವುವ ಜಾಗಗಳು ಎರಡು. ಒಂದು, ಅನುಪಾಲನೆಗೆ ಮಂಡಳಿಯ ಅಥವಾ ಮಕ್ಕಳ ನ್ಯಾಯಾಲಯದ ಆದೇಶ ಬೇಕು. ಹುಡುಗ ಹೊರಟು ಹೋದ ಮೇಲೆ ಅವನನ್ನು ಹುಡುಕಿ ಆದೇಶ ಮಾಡಿಸುವವರು ಯಾರೂ ಇರುವುದಿಲ್ಲ, ಆದ್ದರಿಂದ ಒಳಗಿರುವಾಗಲೇ ಕೇಳಬೇಕು. ಎರಡು, ಕಾಯ್ದೆಯ ಮಾತು ‘18 ತುಂಬಿ ಸಂಸ್ಥೆ ಬಿಡುವವರಿಗೆ’ ಎಂದು. 16ಕ್ಕೇ ಹೊರಬಂದವನು ಈ ಬಾಗಿಲಿನಿಂದ ಒಳಹೋಗಲಾರ. ಅವನಿಗೆ ಮನೆ ಸುರಕ್ಷಿತವಲ್ಲವೆಂದಾದರೆ ಅವನು ‘ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು’. ಅದನ್ನು ನೋಡುವುದು ಮಕ್ಕಳ ಕಲ್ಯಾಣ ಸಮಿತಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೂ ಅಲ್ಲಿಗೆ ದಾರಿ ತೋರಿಸುತ್ತಾರೆ.

ಕಾಗದ ಪತ್ರ: ಎಲ್ಲರೂ ಎಡವುವ ಹೊಸ್ತಿಲು

ಹೊರಗಿನವರಿಗೆ ಇದು ಸಣ್ಣ ವಿಷಯದಂತೆ ಕಾಣಬಹುದು. ಆದರೆ ಹೊಸ ಬದುಕು ನಿಲ್ಲುವುದು ಹೆಚ್ಚಾಗಿ ಇಲ್ಲೇ, ಯಾವುದೋ ಕೌಂಟರ್‌ನಲ್ಲಿ ಬೆರಳಚ್ಚು ಹೊಂದದೆ.

ಮಕ್ಕಳ ಆಧಾರ್‌ಗೆ 15 ವರ್ಷ ತುಂಬಿದಾಗ ಬೆರಳಚ್ಚು, ಕಣ್ಣಿನ ಗುರುತು ಮತ್ತೆ ಕೊಡಬೇಕು. 15ರಿಂದ 17ರೊಳಗೆ ಮಾಡಿಸಿದರೆ ಉಚಿತ. ಸರಿಯಾಗಿ ಅದೇ ವಯಸ್ಸಿನಲ್ಲಿ ಹುಡುಗ ಒಳಗಿರುತ್ತಾನೆ. ಹೊರಬಂದು ಸಿಮ್ ಕೊಳ್ಳಲು ಹೋದರೆ, ಬ್ಯಾಂಕಿಗೆ ಹೋದರೆ, ಪಡಿತರ ಅಂಗಡಿಗೆ ಹೋದರೆ ಹಳೆಯ ಬೆರಳಚ್ಚು ತಾಳೆಯಾಗುವುದಿಲ್ಲ. ಎರಡನೆಯ ತೊಡಕು ಮೊಬೈಲ್ ನಂಬರ್. ಆಧಾರ್‌ಗೆ ಜೋಡಿಸಿದ್ದ ನಂಬರ್ ಎಂದೋ ಬಂದ್ ಆಗಿರುತ್ತದೆ, ಓಟಿಪಿ ಯಾರಿಗೋ ಹೋಗುತ್ತದೆ. ಮೂರನೆಯದು ಹೆಸರು ಮತ್ತು ಹುಟ್ಟಿದ ದಿನ: ಶಾಲೆಯಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಮಂಡಳಿಯ ಆದೇಶದಲ್ಲಿ ಇನ್ನೊಂದು. ಆಧಾರ್‌ನಲ್ಲಿ ಹುಟ್ಟಿದ ದಿನವನ್ನು ಸಾಮಾನ್ಯವಾಗಿ ಒಂದೇ ಸಲ ತಿದ್ದಬಹುದು. ಆದ್ದರಿಂದ ಆತುರಪಡದೆ, ಮೊದಲು ಯಾವ ದಾಖಲೆಯನ್ನು ಆಧಾರವಾಗಿ ಇಟ್ಟುಕೊಳ್ಳಬೇಕೆಂದು ತೀರ್ಮಾನಿಸಿ. ಮಂಡಳಿ ವಯಸ್ಸು ನಿರ್ಧರಿಸುವಾಗ ನೋಡುವುದು ಮೊದಲು ಶಾಲಾ ದಾಖಲೆ ಅಥವಾ ಎಸ್‌ಎಸ್‌ಎಲ್‌ಸಿ ಪ್ರಮಾಣಪತ್ರ, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದಾಗ ಮಾತ್ರ ವೈದ್ಯಕೀಯ ಪರೀಕ್ಷೆ. ಉಳಿದ ಕಾಗದಗಳನ್ನು ಆ ದಾಖಲೆಗೆ ಹೊಂದಿಸಿಕೊಳ್ಳುವುದೇ ಸುಲಭದ ದಾರಿ.

ಹಾಗಾಗಿ ಕ್ರಮ ಹೀಗಿರಲಿ. ಮೊದಲು ಜನನ ಪ್ರಮಾಣಪತ್ರ ಅಥವಾ ಶಾಲಾ ವರ್ಗಾವಣೆ ಪತ್ರ. ನಂತರ ಮನೆಯವರ ಹೆಸರಲ್ಲಾದರೂ ಒಂದು ಸ್ಥಿರ ಮೊಬೈಲ್ ನಂಬರ್. ಆಮೇಲೆ ಆಧಾರ್ ಕೇಂದ್ರ: ಬೆರಳಚ್ಚು, ನಂಬರ್, ವಿಳಾಸ ಮೂರನ್ನೂ ಒಂದೇ ಭೇಟಿಯಲ್ಲಿ. ಹುಡುಗನ ಹೆಸರಲ್ಲಿ ವಿಳಾಸದ ಪುರಾವೆ ಏನೂ ಇಲ್ಲದಿದ್ದರೆ, ಕುಟುಂಬದ ಮುಖ್ಯಸ್ಥರ ಆಧಾರ್ ಆಧರಿಸಿ ವಿಳಾಸ ಬದಲಿಸುವ ಅವಕಾಶವಿದೆ. ಅದಾದ ಮೇಲೆ ಬ್ಯಾಂಕ್ ಖಾತೆ. ಖಾತೆ ಮೊದಲೇ ಇದ್ದರೂ ನಿರಾಳವಾಗಬೇಡಿ. ಎರಡು ವರ್ಷಕ್ಕಿಂತ ಹೆಚ್ಚು ವಹಿವಾಟು ಇಲ್ಲದ ಖಾತೆ ನಿಷ್ಕ್ರಿಯವಾಗಿರುತ್ತದೆ. 18 ತುಂಬಿದ ಮೇಲೆ ಅಪ್ರಾಪ್ತರ ಖಾತೆಗೆ ಹೊಸ ಸಹಿ, ಹೊಸ ಕೆವೈಸಿ ಬೇಕು. ಅನುಪಾಲನೆಯ ಹಣ ಬಂದಿಲ್ಲ ಎಂದು ಘಟಕದ ಕಚೇರಿಗೆ ತಿಂಗಳುಗಟ್ಟಲೆ ಅಲೆದು, ಕೊನೆಗೆ ನೋಡಿದರೆ ತಪ್ಪು ಖಾತೆಯಲ್ಲಿತ್ತು ಎನ್ನುವುದು ಹೊಸ ವಿಷಯವೇನಲ್ಲ.

ಇದೆಲ್ಲ ಮನೆಯವರ ತಲೆನೋವು ಮಾತ್ರವಲ್ಲ. ಗುರುತಿನ ಪುರಾವೆ ಪಡೆಯಲು ನೆರವಾಗುವುದು ಗೃಹದ ಕರ್ತವ್ಯ ಎಂದು 53ನೇ ಸೆಕ್ಷನ್ ಹೇಳುತ್ತದೆ. 7ನೇ ನಮೂನೆಯ ಕೊನೆಯ ಭಾಗದಲ್ಲಿ ಜನನ ಪ್ರಮಾಣಪತ್ರ, ಶಾಲಾ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಪಡಿತರ ಚೀಟಿ, ಆಧಾರ್ ಹೀಗೆ ಒಂದು ಕೋಷ್ಟಕವೇ ಇದೆ: ಇದೆಯೇ, ಇಲ್ಲವೇ, ಇಲ್ಲದಿದ್ದರೆ ಏನು ಕ್ರಮ ಕೈಗೊಂಡಿರಿ? ಆ ಕೋಷ್ಟಕ ಖಾಲಿಯಿದ್ದರೆ ತುಂಬಿ ಕೊಡಿ ಎಂದು ಕೇಳುವುದು ದಾಕ್ಷಿಣ್ಯದ ವಿಷಯವಲ್ಲ.

ಓದು, ಕಸುಬು

14 ವರ್ಷದೊಳಗಿನವನಿಗೆ ಶಿಕ್ಷಣ ಹಕ್ಕು ಕಾಯ್ದೆ, 2009 ನೇರವಾಗಿ ಅನ್ವಯ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ದೊಡ್ಡವರಿಗೆ ಆ ಬಲ ಇಲ್ಲ. 16, 17ರ ಹುಡುಗನನ್ನು ಒಂಬತ್ತನೆಯ ತರಗತಿಯ ಬೆಂಚಿನಲ್ಲಿ ಕೂರಿಸುವುದು ಹೆಚ್ಚಿನ ಸಂದರ್ಭದಲ್ಲಿ ನಡೆಯದ ಮಾತು. ಸಹಪಾಠಿಗಳು ಚಿಕ್ಕವರು, ಮೇಷ್ಟ್ರಿಗೆ ವಿಷಯ ಗೊತ್ತು, ತಿಂಗಳೊಳಗೆ ಬಿಟ್ಟುಬಿಡುತ್ತಾನೆ. ಅವನಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೆಯ ತರಗತಿ ಹೆಚ್ಚು ಹೊಂದುತ್ತದೆ. 14 ತುಂಬಿರಬೇಕು, ಐದು ವಿಷಯ, ಐದು ವರ್ಷದಲ್ಲಿ ಒಂಬತ್ತು ಅವಕಾಶ, ಪಾಸಾದ ವಿಷಯ ಪಾಸಾದಂತೆಯೇ ಉಳಿಯುತ್ತದೆ. ಎಸ್‌ಎಸ್‌ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವುದೂ ಇನ್ನೊಂದು ದಾರಿ.

ಕೈಕೆಲಸದ ಕಡೆ ಮನಸ್ಸಿದ್ದರೆ ಐಟಿಐ. ಹತ್ತನೆಯದು ಪಾಸಾಗದಿದ್ದರೆ ಐಟಿಐ ಇಲ್ಲ ಎಂಬ ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. ವೆಲ್ಡರ್, ಪ್ಲಂಬರ್, ವೈರ್‌ಮನ್ ತರಬೇತಿಗೆ ಎಂಟನೆಯದು ಸಾಕು. ಮೊದಲೆರಡು ಒಂದು ವರ್ಷ, ವೈರ್‌ಮನ್ ಎರಡು ವರ್ಷ. ಎಲೆಕ್ಟ್ರಿಷಿಯನ್, ಫಿಟ್ಟರ್‌ಗೆ ಹತ್ತನೆಯದು ಬೇಕು. ನಮ್ಮ ಸಲಹೆ, ಒಂದು ವರ್ಷದ್ದನ್ನೇ ಮೊದಲು ಹಿಡಿಯಲಿ. ಎರಡು ವರ್ಷ ಎಂದರೆ ಈ ವಯಸ್ಸಿಗೆ, ಅದರಲ್ಲೂ ಈಗಷ್ಟೇ ಹೊರಬಂದವನಿಗೆ, ಕಣ್ಣಿಗೆ ಕಾಣದಷ್ಟು ದೂರ.

ಗೃಹದೊಳಗೆ ಪಡೆದ ಸರ್ಟಿಫಿಕೇಟನ್ನು ಒಮ್ಮೆ ತಿರುಗಿಸಿ ನೋಡಿ. ಅದರ ಮೇಲೆ ಗೃಹದ ಹೆಸರೇ ದೊಡ್ಡದಾಗಿ ಅಚ್ಚಾಗಿದ್ದರೆ, ಕೆಲಸ ಕೇಳುವಾಗೆಲ್ಲ ಆ ಕಾಗದವೇ ಅವನ ಕಥೆ ಹೇಳಿಬಿಡುತ್ತದೆ. ತರಬೇತಿ ಕೊಟ್ಟ ಸಂಸ್ಥೆಯ ಅಥವಾ ಪರೀಕ್ಷಾ ಮಂಡಳಿಯ ಹೆಸರಿನಲ್ಲೇ ಪ್ರಮಾಣಪತ್ರ ಕೊಡಿ ಎಂದು ಬಿಡುಗಡೆಗೆ ಮುಂಚೆಯೇ ಕೇಳಬೇಕು. ಇದು ಒಂದು ಸಾಲಿನ ಬದಲಾವಣೆ, ಆದರೆ ಎಷ್ಟೋ ಕಡೆ ಯಾರಿಗೂ ಹೊಳೆದಿರುವುದಿಲ್ಲ.

ಕೆಲಸದ ಬಗ್ಗೆ ಎರಡು ಗಡಿ ಗೊತ್ತಿರಲಿ. 14ರಿಂದ 18ರ ನಡುವಿನವರನ್ನು ಗಣಿ, ಸ್ಫೋಟಕ, ಬೇಗ ಬೆಂಕಿ ಹತ್ತುವ ವಸ್ತು, ಅಪಾಯಕಾರಿ ಪ್ರಕ್ರಿಯೆ ಇರುವಲ್ಲಿ ದುಡಿಸುವಂತಿಲ್ಲ. ಡ್ರೈವಿಂಗ್ ಎಲ್ಲರ ಮೊದಲ ಆಸೆ. ಆದರೆ ಬಾಡಿಗೆ ವಾಹನ ಓಡಿಸಲು 20 ತುಂಬಬೇಕು. ಅಪ್ರಾಪ್ತ ವಯಸ್ಸಿನಲ್ಲಿ ಮೋಟಾರು ವಾಹನ ಕಾಯ್ದೆಯಡಿ ಅಪರಾಧ ಮಾಡಿದವನಿಗೆ, 2019ರಲ್ಲಿ ಸೇರಿಸಿದ 199ಎ ಸೆಕ್ಷನ್ ಪ್ರಕಾರ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. ಬೈಕ್ ಕಳ್ಳತನದ ಪ್ರಕರಣಕ್ಕೂ ಇದಕ್ಕೂ ಗೊಂದಲ ಮಾಡಿಕೊಳ್ಳುವವರಿದ್ದಾರೆ. ಕಳ್ಳತನ ಮೋಟಾರು ವಾಹನ ಕಾಯ್ದೆಯ ಅಪರಾಧವಲ್ಲ.

ದಾಖಲೆ ಅಳಿಸುವುದೆಂದರೇನು?

ಇದೇ ಎಲ್ಲಕ್ಕಿಂತ ಗೋಜಲಿನ ಭಾಗ. 24ನೇ ಸೆಕ್ಷನ್ ಎರಡು ಮಾತು ಹೇಳುತ್ತದೆ. ಮೊದಲನೆಯದು, ಶಿಕ್ಷೆಯಾದವರಿಗೆ ಬೇರೆ ಕಾನೂನುಗಳು ಹಾಕುವ ಯಾವ ಅನರ್ಹತೆಯೂ ಈ ಕಾಯ್ದೆಯಡಿ ವಿಚಾರಣೆಯಾದ ಮಗುವಿಗೆ ತಟ್ಟುವುದಿಲ್ಲ. ಎರಡನೆಯದು, ದಾಖಲೆಗಳನ್ನು ನಾಶಮಾಡಲು ಮಂಡಳಿ ಪೊಲೀಸರಿಗೆ, ಮಕ್ಕಳ ನ್ಯಾಯಾಲಯ ತನ್ನ ಕಚೇರಿಗೆ ಆದೇಶ ಕೊಡಬೇಕು. ಯಾವಾಗ? ಮಾದರಿ ನಿಯಮ 14ರ ಪ್ರಕಾರ ಮೇಲ್ಮನವಿಯ ಅವಧಿ ಮುಗಿಯುವವರೆಗೆ ಅಥವಾ ಏಳು ವರ್ಷ, ಅದಕ್ಕಿಂತ ಹೆಚ್ಚು ಇಡುವಂತಿಲ್ಲ. ಅಪವಾದ ಒಂದೇ: 16 ದಾಟಿ, ಘೋರ ಅಪರಾಧದಲ್ಲಿ, ವಯಸ್ಕನಂತೆ ವಿಚಾರಣೆಯಾಗಿ ತಪ್ಪಿತಸ್ಥನೆಂದು ಮಕ್ಕಳ ನ್ಯಾಯಾಲಯ ಕಂಡವನು. ಅವನ ದಾಖಲೆಯನ್ನು ನ್ಯಾಯಾಲಯ ಉಳಿಸಿಕೊಳ್ಳುತ್ತದೆ, ಅನರ್ಹತೆಯಿಂದ ರಕ್ಷಣೆಯೂ ಅವನಿಗಿಲ್ಲ.

ಏಳು ವರ್ಷ ಎಂದರೆ 17ರ ಹುಡುಗನಿಗೆ 24. ಸರ್ಕಾರಿ ನೌಕರಿಗೆ ಅರ್ಜಿ ಹಾಕುವ ವಯಸ್ಸೂ ಅದರ ನಡುವೆಯೇ. ಈ ನಡುವಿನ ಕಾಲಕ್ಕೆ ಆಸರೆ 74ನೇ ಸೆಕ್ಷನ್ನಿನ ಎರಡನೆಯ ಉಪವಿಧಿ: ನಡತೆ ಪ್ರಮಾಣಪತ್ರಕ್ಕಾಗಲಿ ಇನ್ಯಾವುದಕ್ಕಾಗಲಿ ಮಗುವಿನ ದಾಖಲೆಯನ್ನು ಪೊಲೀಸರು ಬಹಿರಂಗಪಡಿಸುವಂತಿಲ್ಲ. ಮೊದಲು ಇದು ಮುಗಿದ ಪ್ರಕರಣಗಳಿಗೆ ಮಾತ್ರ ಇತ್ತು, 2021ರ ತಿದ್ದುಪಡಿ ಬಾಕಿ ಇರುವ ಪ್ರಕರಣಗಳನ್ನೂ ಸೇರಿಸಿತು. ಅಂದರೆ ಸೇವಾಸಿಂಧುವಿನಲ್ಲಿ ಪೊಲೀಸ್ ವೆರಿಫಿಕೇಶನ್‌ಗೆ ಅರ್ಜಿ ಹಾಕಿದಾಗ ಠಾಣೆಯಿಂದ ಬರುವ ಉತ್ತರದಲ್ಲಿ ಈ ಪ್ರಕರಣದ ಸುಳಿವೂ ಇರಬಾರದು.

ನಿಜಕ್ಕೂ ಎಷ್ಟು ದಾಖಲೆ ಇರುತ್ತದೆ ಎಂಬುದನ್ನೂ ನೋಡಬೇಕು. ಘೋರ ಅಪರಾಧ, ಅಥವಾ ವಯಸ್ಕರ ಜೊತೆ ಸೇರಿ ಮಾಡಿದ್ದು ಎಂಬ ಆರೋಪ, ಇವೆರಡನ್ನು ಬಿಟ್ಟರೆ ಮಗುವಿನ ಮೇಲೆ ಎಫ್‌ಐಆರ್ ದಾಖಲಿಸುವಂತಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದು, ಸಾಮಾಜಿಕ ಹಿನ್ನೆಲೆ ವರದಿಯೊಂದಿಗೆ ಮಂಡಳಿಗೆ ಕಳಿಸಬೇಕು. ತೊಂದರೆಯಾಗುವುದು ವಯಸ್ಕರ ಜೊತೆಗಿನ ಪ್ರಕರಣದಲ್ಲಿ. ವಿಚಾರಣೆ ಬೇರೆ ಬೇರೆ ನಡೆದರೂ ಹುಡುಗನ ಹೆಸರು ಎಫ್‌ಐಆರ್‌ನಲ್ಲಿ, ದೊಡ್ಡವರ ಮೇಲಿನ ದೋಷಾರೋಪ ಪಟ್ಟಿಯಲ್ಲಿ ಉಳಿದುಬಿಟ್ಟಿರಬಹುದು. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ವೆಬ್‌ಸೈಟಿಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ ಮೇಲೆ ಅದು ಅಂತರ್ಜಾಲದಲ್ಲೂ ಸಿಗುತ್ತಿರಬಹುದು. ಹೆಸರು ಹಾಕಿ ಒಮ್ಮೆ ಹುಡುಕಿ ನೋಡಿ. ಸಿಕ್ಕರೆ ಆ ಪುಟದ ಪ್ರಿಂಟ್ ತೆಗೆದು, ಹೆಸರು ಮರೆಮಾಡಿಸುವಂತೆ ಮಂಡಳಿಗೆ ಅರ್ಜಿ ಕೊಡಬೇಕು.

ಅರ್ಜಿ ದೊಡ್ಡದೇನೂ ಬೇಕಿಲ್ಲ. ಪ್ರಕರಣದ ಸಂಖ್ಯೆ, ಅಂತಿಮ ಆದೇಶದ ದಿನಾಂಕ, ಮೇಲ್ಮನವಿ ಸಲ್ಲಿಕೆಯಾಗಿಲ್ಲ ಎಂಬ ಒಂದು ಸಾಲು (ಮೇಲ್ಮನವಿಯ ಅವಧಿ 30 ದಿನ), 24ನೇ ಸೆಕ್ಷನ್ನಿನ ಎರಡನೆಯ ಉಪವಿಧಿ ಮತ್ತು ನಿಯಮ 14ರ ಪ್ರಕಾರ ದಾಖಲೆ ನಾಶಕ್ಕೆ ಆದೇಶ ಕೋರಿಕೆ. ಆದೇಶವಾದ ಮೇಲೆ ಅದು ಠಾಣೆಗೆ ತಲುಪಿದೆಯೇ ಎಂದು ಒಂದು ತಿಂಗಳ ನಂತರ ವಿಚಾರಿಸಬೇಕು. ಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ.

ಒಂದು ವಿಚಿತ್ರ ಕೇಳಿ. ದಾಖಲೆ ನಾಶವಾಗುವ ಮುಂಚೆ ಅಂತಿಮ ಆದೇಶದ ದೃಢೀಕೃತ ಪ್ರತಿಯನ್ನು ಪಡೆದು ಮನೆಯಲ್ಲಿ ಭದ್ರವಾಗಿ ಇಟ್ಟುಕೊಳ್ಳಿ. ಎಲ್ಲಾದರೂ ಒಂದು ಹಳೆಯ ರಿಜಿಸ್ಟರ್‌ನಲ್ಲಿ ಹೆಸರು ಉಳಿದು ಹತ್ತು ವರ್ಷದ ಮೇಲೆ ಯಾರಾದರೂ ಪ್ರಶ್ನಿಸಿದರೆ, ಪ್ರಕರಣ ಮುಗಿದಿದೆ ಎಂದು ತೋರಿಸಲು ಮಂಡಳಿಯಲ್ಲಿ ಕಡತವೇ ಇರುವುದಿಲ್ಲ.

ನೌಕರಿಯ ಅರ್ಜಿಯಲ್ಲಿ ‘ನಿಮ್ಮ ಮೇಲೆ ಎಂದಾದರೂ ಕ್ರಿಮಿನಲ್ ಪ್ರಕರಣ ದಾಖಲಾಗಿತ್ತೇ?’ ಎಂಬ ಕಾಲಂ ಬಂದಾಗ ಏನು ಬರೆಯಬೇಕು? 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಭ್ಯರ್ಥಿ ಕೊಡುವ ಮಾಹಿತಿ ನಿಜವಾಗಿರಬೇಕು, ಮುಚ್ಚಿಡಬಾರದು, ಕ್ಷುಲ್ಲಕ ವಿಷಯವಾದರೆ ನೌಕರಿದಾತರು ಅದನ್ನು ಮನ್ನಿಸಬಹುದು ಎಂದಿತು. 2019ರಲ್ಲಿ ರಮೇಶ್ ಬಿಷ್ಣೋಯಿ ಪ್ರಕರಣದಲ್ಲಿ ಅದೇ ಕೋರ್ಟ್, ಬಾಲ್ಯದಲ್ಲಿ ನಡೆದ ಅಪರಾಧದ ಕಾರಣಕ್ಕೆ ನೇಮಕಾತಿ ನಿರಾಕರಿಸುವಂತಿಲ್ಲ, ಅಪರಾಧ ಸಾಬೀತಾಗಿದ್ದರೂ ಆ ಕಳಂಕ ಜೀವನಪೂರ್ತಿ ಅಂಟಿಕೊಳ್ಳಬಾರದು ಎಂದಿತು. ಎರಡನ್ನೂ ಸೇರಿಸಿ ಓದಿದರೆ ತೋರುವುದು ಇಷ್ಟು: ಪ್ರಕರಣಕ್ಕಿಂತ ಮುಚ್ಚಿಟ್ಟದ್ದೇ ಮುಂದೆ ದೊಡ್ಡ ತಲೆನೋವಾಗುವ ಸಾಧ್ಯತೆ ಇದೆ. ಪೊಲೀಸ್, ಅರೆಸೇನಾ ಪಡೆ, ಸರ್ಕಾರಿ ನೌಕರಿಯ ಅರ್ಜಿಯಲ್ಲಿ ನೇರ ಪ್ರಶ್ನೆ ಇದ್ದರೆ, ತುಂಬುವ ಮುನ್ನ ಅರ್ಜಿಯ ನಮೂನೆಯನ್ನು ಕಾನೂನು ಸೇವಾ ಪ್ರಾಧಿಕಾರದ ವಕೀಲರಿಗೆ ತೋರಿಸಿ. ‘ದಾಖಲಾಗಿತ್ತೇ’, ‘ಬಂಧನವಾಗಿತ್ತೇ’, ‘ಶಿಕ್ಷೆಯಾಗಿದೆಯೇ’ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಒಂದೇ ಅಲ್ಲ. ತಿಳಿಸಬೇಕೆಂದಾದರೆ ಜೊತೆಗೇ 24ನೇ ಸೆಕ್ಷನ್ ಉಲ್ಲೇಖಿಸಿ ಒಂದು ಟಿಪ್ಪಣಿ ಲಗತ್ತಿಸುವುದು ಕ್ಷೇಮ.

ಗ್ಯಾರೇಜು, ಅಂಗಡಿ, ಕಾರ್ಖಾನೆಯ ಮಾತು ಬೇರೆ. ಅಲ್ಲಿ ಕೇಳುವುದು ‘ಇಷ್ಟು ದಿನ ಎಲ್ಲಿದ್ದೆ?’ ಎಂದು. ‘ಓದು ನಿಂತಿತ್ತು, ಸರ್ಕಾರಿ ಸಂಸ್ಥೆಯಲ್ಲಿ ಇದ್ದುಕೊಂಡು ವೆಲ್ಡಿಂಗ್ ಕಲಿತೆ’ ಎನ್ನುವುದು ಸುಳ್ಳಲ್ಲ, ಅದಕ್ಕಿಂತ ಹೆಚ್ಚು ಹೇಳುವ ಬಾಧ್ಯತೆಯೂ ಇಲ್ಲ. ಈ ಒಂದು ವಾಕ್ಯವನ್ನು ಮನೆಯಲ್ಲಿ ನಾಲ್ಕು ಸಲ ಗಟ್ಟಿಯಾಗಿ ಹೇಳಿಸಿ ಅಭ್ಯಾಸ ಮಾಡಿಸಿ. ತಯಾರಿಲ್ಲದ ಹುಡುಗ ಆ ಪ್ರಶ್ನೆ ಬಂದ ಕೂಡಲೇ ತಲೆ ತಗ್ಗಿಸುತ್ತಾನೆ, ಮಾಲೀಕನಿಗೆ ಅಷ್ಟು ಸಾಕು.

ಓಣಿ, ಠಾಣೆ, ಗೆಳೆಯರು

ಒಳಗೆ ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಊಟ, ಗಂಟೆ ಬಾರಿಸಿದರೆ ಮಲಗಬೇಕು. ಹೊರಗೆ ಗಂಟೆಯೇ ಇಲ್ಲ. ಮೊದಲ ವಾರ ನಿದ್ದೆ ಹತ್ತದೆ ಮಧ್ಯರಾತ್ರಿವರೆಗೆ ಮೊಬೈಲ್, ಹಗಲು ಹನ್ನೊಂದರವರೆಗೆ ಹಾಸಿಗೆ. ಅಪ್ಪ ಇದನ್ನು ಸೋಮಾರಿತನ ಎಂದು ಬೈಯುತ್ತಾನೆ, ಜಗಳ ಹತ್ತುತ್ತದೆ, ಹುಡುಗ ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಾನೆ. ಹೊರಗೆ ಕಾಯುತ್ತಿರುವವರು ಹಳೆಯ ಏರಿಯಾ ಹುಡುಗರೇ. ಅವರು ಕೆಟ್ಟವರು ಎಂದು ಬೋಧಿಸಿ ಪ್ರಯೋಜನವಿಲ್ಲ, ಇವನನ್ನು ನಗುತ್ತಾ ಕರೆಯುವವರು ಸದ್ಯಕ್ಕೆ ಅವರೊಬ್ಬರೇ. ದಿನಕ್ಕೆ ಒಂದಾದರೂ ಹೊತ್ತು ನಿಗದಿಯಾದ ಕೆಲಸವಿದ್ದರೆ, ಅದು ಮುಂಜಾನೆಯ ಹಾಲು ಹಾಕುವುದೇ ಇರಲಿ, ಜಿಮ್ಮೇ ಇರಲಿ, ಉಳಿದ ದಿನ ಅದರ ಸುತ್ತ ಕೂರುತ್ತದೆ.

ನಶೆಯ ಅಭ್ಯಾಸ ಇದ್ದವನಿಗೆ ಇನ್ನೊಂದು ಅಪಾಯವಿದೆ. ತಿಂಗಳುಗಟ್ಟಲೆ ಬಿಟ್ಟಾಗ ದೇಹದ ಸಹಿಷ್ಣುತೆ ಇಳಿದಿರುತ್ತದೆ. ಅಫೀಮಿನ ಜಾತಿಯ ನೋವಿನ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದವನು ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಉಸಿರಾಟ ನಿಂತು ಜೀವ ಹೋಗಬಹುದು. ಇದನ್ನು ಅವನಿಗೂ ಅವನ ಗೆಳೆಯರಿಗೂ ನೇರವಾಗಿ ಹೇಳಬೇಕು. ವ್ಯಸನಮುಕ್ತಿ ಸಹಾಯವಾಣಿ 14446. ಮನಸ್ಸಿನ ತೊಳಲಾಟಕ್ಕೆ ನಿಮ್ಹಾನ್ಸ್ ಕೇಂದ್ರವಾಗಿರುವ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಏರಿಯಾದಲ್ಲಿ ಎಲ್ಲೋ ಕಳ್ಳತನವಾದರೆ ಮೊದಲು ಇವನ ಮನೆ ಬಾಗಿಲು ತಟ್ಟುವುದು ಸಾಮಾನ್ಯ ದೂರು. ಆಗ ಜಗಳಕ್ಕೆ ಇಳಿಯಬೇಡಿ, ಓಡಲೂ ಬೇಡಿ. 18 ತುಂಬದವನಾದರೆ ಕೇಳಬೇಕಾದ ಪ್ರಶ್ನೆಗಳು ಕೆಲವೇ: ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು, ಯಾವ ಪ್ರಕರಣ, ಎಲ್ಲಿಗೆ ಕರೆದೊಯ್ಯುತ್ತಿದ್ದೀರಿ. ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಕೂಡಲೇ ಪರಿವೀಕ್ಷಣಾಧಿಕಾರಿಗೆ ಫೋನ್ ಮಾಡಿ. ಕೆಲಸದ ಹಾಜರಿ ಪುಸ್ತಕ, ಐಟಿಐ ಹಾಜರಾತಿ ಇಲ್ಲಿ ಹುಡುಗನ ರಕ್ಷಣೆಗೆ ಬರುತ್ತವೆ. 18 ದಾಟಿದ ಮೇಲೆ ಮಾಡಿದ ಹೊಸ ಅಪರಾಧಕ್ಕೆ ಈ ಕಾಯ್ದೆಯ ನೆರಳು ಇಲ್ಲ ಎಂಬುದೂ ಅವನಿಗೆ ಗೊತ್ತಿರಬೇಕು. ಅದನ್ನು ಹೆದರಿಸುವ ಧ್ವನಿಯಲ್ಲಿ ಹೇಳದೆ, ರೈಲಿನ ಸಮಯ ಹೇಳುವಂತೆ ಹೇಳಿದರೆ ಕಿವಿಗೆ ಬೀಳುತ್ತದೆ.

ಓಣಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವನ ಫೋಟೊ ಹಾಕಿ ‘ಎಚ್ಚರ’ ಎಂದು ಬರೆಯುವವರಿಗೂ ಕಾನೂನಿದೆ. ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರವನ್ನು ಪತ್ರಿಕೆಯಲ್ಲಾಗಲಿ ಬೇರಾವುದೇ ಸಂವಹನ ಮಾಧ್ಯಮದಲ್ಲಾಗಲಿ ಬಹಿರಂಗಪಡಿಸಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಮೊದಲು ಗುಂಪಿನ ಅಡ್ಮಿನ್‌ಗೆ ಇದನ್ನು ಹೇಳುವ 74ನೇ ಸೆಕ್ಷನ್ ತೋರಿಸಿದರೆ ಬಹಳ ಸಲ ಅಲ್ಲಿಗೇ ಮುಗಿಯುತ್ತದೆ.

ಎರಡನೇ ತಿಂಗಳು, ಆರನೇ ತಿಂಗಳು

ಬಿಡುಗಡೆಯ ನಂತರ ಹುಡುಗನನ್ನು ಕಂಡು ಮೊದಲ ವರದಿ, ಆಮೇಲೆ ಎರಡು ತಿಂಗಳ ನಂತರ ಒಂದು, ಆರು ತಿಂಗಳ ನಂತರ ಒಂದು ವರದಿ ಬರೆಯಬೇಕೆಂದು 7ನೇ ನಮೂನೆಯಲ್ಲಿದೆ. ಮನೆಯವರ ವರ್ತನೆ, ನೆರೆಹೊರೆಯ ಧೋರಣೆ, ಕಲಿತ ಕಸುಬನ್ನು ಬಳಸುತ್ತಿದ್ದಾನೆಯೇ, ಶಾಲೆಗೆ ಸೇರಿದ್ದಾನೆಯೇ, ಇವು ಅದರ ಕಾಲಂಗಳು. ಒಬ್ಬ ಅಧಿಕಾರಿಯ ಮೇಲೆ ಬಹಳ ಪ್ರಕರಣಗಳ ಹೊರೆ ಇದ್ದಾಗ ಈ ಭೇಟಿ ಫೋನ್ ಕರೆಯಾಗಿ, ಫೋನ್ ಕರೆ ‘ಎಲ್ಲ ಸರಿಯಿದೆ’ ಎಂಬ ಒಂದು ಸಾಲಾಗಿ ಇಳಿಯುವುದುಂಟು. ಅವರು ಬರುವುದನ್ನು ಕಾಯದೆ ನೀವೇ ಹೋಗಿ. ಎರಡನೇ ತಿಂಗಳಿಗೆ ಹೋಗುವಾಗ ಆಧಾರ್, ಪಾಸ್‌ಬುಕ್, ಪ್ರವೇಶದ ರಸೀದಿಯ ನಕಲು ಒಯ್ದು ಕಡತಕ್ಕೆ ಸೇರಿಸಿ. ಆಗದೆ ಉಳಿದದ್ದನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಆರನೇ ತಿಂಗಳಿಗೆ ಹೋಗುವಾಗ ಆ ಚೀಟಿಯ ನಕಲೂ, ದಾಖಲೆ ನಾಶದ ಅರ್ಜಿಯ ಸ್ವೀಕೃತಿಯೂ ಕೈಯಲ್ಲಿರಲಿ. ಆ ವರದಿಯ ನಂತರ ಅವನನ್ನು ಹುಡುಕಿಕೊಂಡು ಬರಬೇಕಾದ ಕಾಲಂ ನಮೂನೆಯಲ್ಲಿ ಇನ್ನೊಂದಿಲ್ಲ.